ಅರ್ಧ ಗಂಟೆ ಪಾತ್ರೆ ತೊಳೆದರೆ 160 ಕ್ಯಾಲರಿಯಂತೆ! ‘ಮನೆಗೆಲಸ’ ಮೋಡ್ ಇರುವ ಬ್ಯಾಂಡ್ ಬಗ್ಗೆ

ಈ ಫಿಟ್‌ನೆಸ್ ಬ್ಯಾಂಡ್ ತಗೊಂಡಿದ್ದಕ್ಕೆ ಕಾರಣ ಒಂದೇ. ಓಟ, ನಡಿಗೆ, ಸೈಕಲ್ ಜೊತೆಗೆ ಇದರಲ್ಲಿ ‘ಮನೆಗೆಲಸ’ ಅಂತ ಒಂದು ಮೋಡ್ ಇದೆ. ನಾನು ಜಿಮ್ಮಿಗೆ ಹೋಗುವವಳಲ್ಲ. ಹಗಲೆಲ್ಲ ಕೂತು ಲೆಕ್ಕಪತ್ರ ನೋಡುವ ಕೆಲಸ. ಮೈ ಬಗ್ಗುವುದೇನಿದ್ದರೂ ಮನೆಯಲ್ಲೇ. ಅದಕ್ಕೂ ಒಂದು ಲೆಕ್ಕ ಸಿಗಲಿ ಅನ್ನಿಸಿತು. ಕಂಪನಿಯ ಹೆಸರು ಹೇಳುವುದಿಲ್ಲ. ಯಾಕಂದ್ರೆ ನನ್ನ ತಕರಾರು ಇದೊಂದರ ಮೇಲಲ್ಲ, ಕೈಗೆ ಕಟ್ಟುವ ಈ ಜಾತಿಯ ಬ್ಯಾಂಡ್‌ಗಳ ಮೇಲೆಯೇ.

ಹಗುರವಾಗಿದೆ. ಬ್ಯಾಟರಿ ಬೇಗ ಮುಗಿಯುವುದಿಲ್ಲ. ಒದ್ದೆ ಬೆರಳಿಗೆ ಸ್ಕ್ರೀನ್ ಮಾತು ಕೇಳುವುದಿಲ್ಲ, ಆದರೆ ಪಕ್ಕದಲ್ಲಿ ಒಂದು ಬಟನ್ ಇದೆ, ಅದನ್ನು ಒತ್ತಿದರೆ ಸಾಕು. ಸಿಂಕ್ ಮುಂದೆ ನಿಲ್ಲುವವರಿಗೆ ಇದು ಸಣ್ಣ ವಿಷಯ ಅಲ್ಲ.

ಈಗ ಕ್ಯಾಲರಿಗೆ ಬರೋಣ. ಅರ್ಧ ಗಂಟೆ ಪಾತ್ರೆ ತೊಳೆದೆ. ಬ್ಯಾಂಡ್ 160 ಅಂದಿತು. ನನ್ನ ತೂಕ 60 ಕೆಜಿ. ಕಾಗದದ ಮೇಲೆ ಲೆಕ್ಕ ಹಾಕಿದರೆ ಬಂದಿದ್ದು 54. ಅದರಲ್ಲೂ 30 ಸುಮ್ನೆ ಕೂತಿದ್ದರೂ ಖರ್ಚಾಗುತ್ತಿತ್ತು! ಅಂದರೆ ಪಾತ್ರೆಯ ಪಾಲಿಗೆ ಸಿಕ್ಕಿದ್ದು ಬರೀ 24.

ಕಾಗದದ ಲೆಕ್ಕ ಎಲ್ಲಿಂದ ಬಂತು ಅಂದ್ರೆ, ಮೆಟ್ ಅನ್ನುವ ಒಂದು ಅಳತೆಯಿಂದ. ಆರಾಮಾಗಿ ಕೂತಿರುವಾಗ ದೇಹ ಖರ್ಚು ಮಾಡುವುದು 1 ಮೆಟ್. ಹೆಚ್ಚುಕಮ್ಮಿ ಗಂಟೆಗೆ ಪ್ರತಿ ಕೆಜಿ ತೂಕಕ್ಕೆ 1 ಕ್ಯಾಲರಿ. ಒಂದು ಕೆಲಸಕ್ಕೆ 3 ಮೆಟ್ ಅಂದರೆ ಕೂತಿರುವುದಕ್ಕಿಂತ ಮೂರು ಪಟ್ಟು. ಯಾವ ಕೆಲಸಕ್ಕೆ ಎಷ್ಟು ಅಂತ ‘ಕಂಪೆಂಡಿಯಂ ಆಫ್ ಫಿಸಿಕಲ್ ಆಕ್ಟಿವಿಟೀಸ್’ ಎಂಬ ದೊಡ್ಡ ಪಟ್ಟಿಯೇ ಇದೆ. 1993ರಲ್ಲಿ ಮೊದಲು ಬಂತು, ಆಮೇಲೆ 2000, 2011, 2024ರಲ್ಲಿ ತಿದ್ದಿದರು. 2011ರ ಪಟ್ಟಿಯಲ್ಲಿ ಪಾತ್ರೆ ತೊಳೆಯುವುದಕ್ಕೆ 1.8, ಇಸ್ತ್ರಿಗೂ 1.8. ಬಟ್ಟೆ ಮಡಚುವುದು ಅಥವಾ ಒಣಹಾಕುವುದು 2. ಕಸ ಗುಡಿಸುವುದು, ಹಾಸಿಗೆ ಸರಿಮಾಡುವುದು, ವ್ಯಾಕ್ಯೂಮ್ ಹಾಕುವುದು, ಎಲ್ಲಕ್ಕೂ 3.3. ನಿಂತು ಮಾಪ್ ಹಾಕುವುದಕ್ಕೆ 3.5. ಮಂಡಿಯೂರಿ ಜೋರಾಗಿ ನೆಲ ಉಜ್ಜಿದರೆ 6.5! ದಿನಸಿ ಸಾಮಾನು ಹೊತ್ತು ಮೆಟ್ಟಿಲು ಹತ್ತಿದರೆ 7.5, ಆದರೆ ಅದು ಎರಡು ನಿಮಿಷದ ಕೆಲಸ, ನನ್ನ ತೂಕಕ್ಕೆ 15 ಕ್ಯಾಲರಿಯಲ್ಲಿ ಮುಗಿಯಿತು.

ಲೆಕ್ಕ ಸುಲಭ. ಮೆಟ್ ಸಂಖ್ಯೆಯನ್ನು ತೂಕದಿಂದ ಗುಣಿಸಿ, ಎಷ್ಟು ಗಂಟೆಯೋ ಅದರಿಂದ ಮತ್ತೆ ಗುಣಿಸಿ. ಕೆಲಸ ಮಾಡಿದ್ದರಿಂದಲೇ ಎಷ್ಟು ಜಾಸ್ತಿ ಕರಗಿತು ಅಂತ ಬೇಕಾದರೆ ಮೊದಲೇ ಮೆಟ್‌ನಿಂದ 1 ಕಳೆಯಿರಿ. ಈ ಕಳೆಯುವ ಕೆಲಸವನ್ನು ನನ್ನ ಬ್ಯಾಂಡ್ ಮಾಡುವುದಿಲ್ಲ. ಉಸಿರಾಡಿದ್ದು, ಗುಂಡಿಗೆ ಬಡಿದಿದ್ದು, ಎಲ್ಲವನ್ನೂ ಪಾತ್ರೆಯ ಖಾತೆಗೇ ಜಮಾ ಮಾಡುತ್ತದೆ. ಲೆಕ್ಕಪತ್ರ ನೋಡುವವಳಿಗೆ ಇದು ಕಣ್ಣಿಗೆ ಚುಚ್ಚುತ್ತದೆ ನೋಡಿ.

ಆದರೂ 54 ಎಲ್ಲಿ, 160 ಎಲ್ಲಿ? ಒಂದಿನ ಸಿಂಕ್ ಮುಂದೆ ನಿಂತೇ ಸ್ಕ್ರೀನ್ ನೋಡುತ್ತಾ ಪಾತ್ರೆ ತೊಳೆದೆ. ತಳ ಹಿಡಿದ ಪಾತ್ರೆಯನ್ನು ಬಲಗೈಲಿ ಗರಗರ ತಿಕ್ಕುತ್ತಿದ್ದರೆ ಹೆಜ್ಜೆಗಳ ಸಂಖ್ಯೆ ಏರುತ್ತಿದೆ. ನಾನು ನಿಂತಲ್ಲೇ ನಿಂತಿದ್ದೇನೆ. ಆಮೇಲೆ ತುಂಬಿದ ಬಕೆಟ್ಟನ್ನು ಅದೇ ಕೈಯಲ್ಲಿ ಹಿಡಿದು ಮಹಡಿಗೆ ಒಯ್ದೆ. ಬೆವರು ಬಂತು, ಏದುಸಿರು ಬಂತು, ಹೆಜ್ಜೆ ಹೆಚ್ಚೇನೂ ಏರಲಿಲ್ಲ. ಬಕೆಟ್ ಭಾರಕ್ಕೆ ಕೈ ಕೆಳಗೆ ಜಗ್ಗಿ ನೆಟ್ಟಗೆ ನಿಂತಿತ್ತಲ್ಲ, ಬ್ಯಾಂಡಿಗೆ ಅದು ವಿಶ್ರಾಂತಿ. ಒಳಗಿರುವ ಸೆನ್ಸರ್ ಅಳೆಯುವುದು ಮಣಿಕಟ್ಟಿನ ಅಲುಗಾಟವನ್ನು. ಸೊಂಟ ಬಗ್ಗಿದ್ದು, ತೊಡೆ ನೊಂದಿದ್ದು ಅದಕ್ಕೆ ಕಾಣುವುದಿಲ್ಲ. ಬ್ಯಾಂಡನ್ನು ಎಡಗೈಗೆ ಕಟ್ಟಿ ನೋಡಿ, ಅದೇ ಪಾತ್ರೆಗೆ ಬೇರೆ ಸಂಖ್ಯೆ ಬರುತ್ತದೆ.

ಎರಡನೆಯದು ಹೃದಯ ಬಡಿತ. ಹಿಂಬದಿಯ ಹಸಿರು ಬೆಳಕು ಚರ್ಮದ ಕೆಳಗೆ ರಕ್ತ ಹರಿಯುವುದನ್ನು ನೋಡಿ ಬಡಿತ ಎಣಿಸುತ್ತದೆ. ಕೂತಾಗ, ನಡೆಯುವಾಗ ಚೆನ್ನಾಗಿಯೇ ಎಣಿಸುತ್ತದೆ. ತೊಂದರೆ ಇರುವುದು ಬಡಿತವನ್ನು ಕ್ಯಾಲರಿಗೆ ಬದಲಾಯಿಸುವಲ್ಲಿ. ಒಂದೇ ಪ್ರಮಾಣದ ಆಮ್ಲಜನಕ ಬಳಸುವ ಕೆಲಸವನ್ನು ಕಾಲಿನಿಂದ ಮಾಡುವುದಕ್ಕಿಂತ ಕೈಯಿಂದ ಮಾಡಿದರೆ ಬಡಿತ ಜಾಸ್ತಿ ಇರುತ್ತದೆ. ಕೈ ಮೇಲೆತ್ತಿ ಕಿಟಕಿ ಒರೆಸಿ ನೋಡಿ, ಗೊತ್ತಾಗುತ್ತದೆ. ಬಿಸಿನೀರಿನ ಹಬೆ ತುಂಬಿದ ಬಚ್ಚಲು ತಿಕ್ಕುವಾಗ ಸೆಕೆಗೇ ಬಡಿತ ಏರುತ್ತದೆ. ನಡಿಗೆ, ಓಟದ ಅಂದಾಜನ್ನೇ ಇಲ್ಲೂ ಹಾಕಿದರೆ, ಏರಿದ ಬಡಿತವೆಲ್ಲ ಕರಗಿದ ಕ್ಯಾಲರಿ ಆಗಿಬಿಡುತ್ತದೆ.

ಇದು ನನ್ನೊಬ್ಬಳ ಗೊಣಗಾಟ ಅಲ್ಲ. 2017ರಲ್ಲಿ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದವರು ಕೈಗೆ ಕಟ್ಟುವ ಏಳು ಸಾಧನಗಳನ್ನು 60 ಜನರ ಮೇಲೆ ಪರೀಕ್ಷಿಸಿದರು. ಏಳರಲ್ಲಿ ಆರು ಹೃದಯ ಬಡಿತವನ್ನು ಶೇ 5ರೊಳಗಿನ ತಪ್ಪಿನಲ್ಲಿ ಹೇಳಿದವು. ಕ್ಯಾಲರಿಯಲ್ಲಿ ಮಾತ್ರ ಎಲ್ಲಕ್ಕಿಂತ ಚೆನ್ನಾಗಿದ್ದದ್ದೇ ಸರಾಸರಿ ಶೇ 27ರಷ್ಟು ತಪ್ಪಿತು, ಎಲ್ಲಕ್ಕಿಂತ ಕೆಟ್ಟದ್ದು ಶೇ 93. ಅವರು ಪರೀಕ್ಷಿಸಿದ್ದು ನಡಿಗೆ, ಓಟ, ಸೈಕಲ್‌ನಂಥ ಒಂದೇ ಲಯದ ಕೆಲಸಗಳನ್ನು. ಪೊರಕೆ ಹಿಡಿದವರ ಕೆಲಸಕ್ಕೆ ಲಯ ಎಲ್ಲಿಯದು? ಎರಡು ನಿಮಿಷ ಗುಡಿಸು, ಕುರ್ಚಿ ಸರಿಸು, ಬಗ್ಗು, ಫೋನ್ ಬಂತು, ನಿಲ್ಲು. ನನ್ನ ಬ್ಯಾಂಡ್ ಆ ಫೋನ್ ಮಾತನ್ನೂ ಮನೆಗೆಲಸದಲ್ಲೇ ಎಣಿಸುತ್ತದೆ. ತಾನಾಗಿ ನಿಲ್ಲಿಸುವ ಸೌಲಭ್ಯ ಓಟದ ಮೋಡ್‌ನಲ್ಲಿದೆ, ಇಲ್ಲಿಲ್ಲ. ಕಂಪನಿಯವರಲ್ಲಿ ಯಾರೂ ಮನೆ ಗುಡಿಸುವುದಿಲ್ಲ ಅಂತ ಕಾಣುತ್ತದೆ.

ಹಾಗಂತ ಕಾಗದದ ಲೆಕ್ಕ ದೇವರ ವಾಕ್ಯವೂ ಅಲ್ಲ. ಆ ಪಟ್ಟಿ ಮಾಡಿದ್ದು ಸಂಶೋಧನೆಗೆ, ಒಬ್ಬೊಬ್ಬರ ಕ್ಯಾಲರಿಯನ್ನು ಕರಾರುವಾಕ್ಕಾಗಿ ಹೇಳುವುದಕ್ಕಲ್ಲ. ಅದರಲ್ಲಿರುವುದು ಸರಾಸರಿ. ವಯಸ್ಸು, ಮೈಯಲ್ಲಿನ ಕೊಬ್ಬು, ಕೆಲಸದ ಜೋರು, ಎಲ್ಲವೂ ಸಂಖ್ಯೆಯನ್ನು ಆಚೀಚೆ ಎಳೆಯುತ್ತವೆ. ಆದರೆ ಕಾಗದದಲ್ಲಿ ಒಂದು ಅನುಕೂಲ ಇದೆ. ಸಂಖ್ಯೆ ಎಲ್ಲಿಂದ ಬಂತು ಅಂತ ನಮಗೆ ಗೊತ್ತಿರುತ್ತದೆ. ಬ್ಯಾಂಡ್ ಅದನ್ನು ಎಲ್ಲೂ ಬಾಯಿ ಬಿಡುವುದಿಲ್ಲ.

ತೂಕದ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ನಮ್ಮವರ ತೂಕ 80 ಕೆಜಿ. ಅರ್ಧ ಗಂಟೆ ಮಾಪ್ ಹಾಕಿದರೆ ನನಗೆ 105, ಅವರಿಗೆ 140. ‘ನಿಮಗೇ ಲಾಭ ಜಾಸ್ತಿ, ನೀವೇ ಒರೆಸಿ’ ಅಂತ ಮಾಪ್ ಕೈಗೆ ಕೊಟ್ಟೆ. ಒರೆಸಿದರು, ಪಾಪ. ನನ್ನ ಬ್ಯಾಂಡೇ ಕಟ್ಟಿಕೊಂಡಿದ್ದರಿಂದ ಅದರ ಮಟ್ಟಿಗೆ ಅವರೂ 60 ಕೆಜಿಯೇ. ಒಂದೇ ಬ್ಯಾಂಡನ್ನು ಮನೆಯವರೆಲ್ಲ ಹಂಚಿಕೊಳ್ಳುವುದಾದರೆ ಪ್ರತಿ ಸಲ ಆಪ್‌ನಲ್ಲಿ ತೂಕ ಬದಲಾಯಿಸಬೇಕು. ಯಾರು ಬದಲಾಯಿಸುತ್ತಾರೆ?

ಇಷ್ಟೆಲ್ಲ ಬೈದು ಇನ್ನೂ ಕಟ್ಟಿಕೊಂಡೇ ಇದ್ದೇನೆ. ಕ್ಯಾಲರಿಗಲ್ಲ, ನಿಮಿಷಕ್ಕೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ ಬೇಕು ಅನ್ನುತ್ತದೆ. 3ರಿಂದ 6 ಮೆಟ್‌ವರೆಗಿನದು ಮಧ್ಯಮ ಶ್ರಮ, ಅದನ್ನೂ ದಾಟಿದರೆ ತೀವ್ರ ಶ್ರಮ. ಮೊದಲು ಒಂದೇ ಸಮ ಹತ್ತು ನಿಮಿಷವಾದರೂ ಮಾಡಿರಬೇಕು ಅನ್ನುತ್ತಿದ್ದರು, 2020ರಲ್ಲಿ ಅದನ್ನು ಕೈಬಿಟ್ಟರು. ಅಂದರೆ ಆರು ನಿಮಿಷ ಗುಡಿಸಿದ್ದೂ ಲೆಕ್ಕಕ್ಕೆ ಬಂತು. ಪಾತ್ರೆ ಮತ್ತು ಇಸ್ತ್ರಿ ಬರುವುದಿಲ್ಲ. ಗುಡಿಸುವುದು, ಒರೆಸುವುದು, ಉಜ್ಜುವುದು ಬರುತ್ತದೆ. ನಾನೀಗ ಅವಕ್ಕೆ ಮಾತ್ರ ಬಟನ್ ಒತ್ತುತ್ತೇನೆ. ಯಾವಾಗ ಶುರು, ಯಾವಾಗ ಮುಗಿಯಿತು ಅಂತ ಬ್ಯಾಂಡ್ ಚೊಕ್ಕವಾಗಿ ಬರೆದಿಡುತ್ತದೆ. ವಾರದ ಕೊನೆಗೆ ನಿಮಿಷ ಕೂಡಿಸುತ್ತೇನೆ, ಕ್ಯಾಲರಿಯ ಸಾಲಿನತ್ತ ತಿರುಗಿಯೂ ನೋಡುವುದಿಲ್ಲ.

ಯಾರು ಕೊಳ್ಳಬಹುದು? ನಡಿಗೆ, ನಿದ್ದೆ, ಬಡಿತ ಗಮನಿಸಬೇಕು ಅನ್ನುವವರು ಧಾರಾಳವಾಗಿ ಕೊಳ್ಳಿ. ಮನೆಗೆಲಸದ ಮೋಡ್ ಇದೆ ಅಂತಲೇ ಜಾಸ್ತಿ ದುಡ್ಡು ಕೊಡಬೇಡಿ, ಪೆನ್ನು ಕಾಗದ ಸಾಕು. ತೂಕ ಇಳಿಸುತ್ತಿರುವವರಂತೂ ಈ ಸಂಖ್ಯೆ ನೋಡಿ ತಟ್ಟೆಗೆ ಬಡಿಸಿಕೊಳ್ಳಬೇಡಿ. ಬ್ಯಾಂಡ್ 160 ಅಂದಿದ್ದಕ್ಕೆ 160 ಕ್ಯಾಲರಿ ಹೆಚ್ಚಾಗಿ ತಿಂದರೆ, ಪಾತ್ರೆ ತೊಳೆದೂ 136 ಮೈಮೇಲೆ ಉಳಿಯುತ್ತದೆ.

ಇನ್ನೊಂದು ವಿಷಯ, ಸೋಪು. ಬ್ಯಾಂಡಿನ ಕೆಳಗೆ ಸೋಪಿನ ನೀರು ಸೇರಿ ಹಾಗೇ ಉಳಿದರೆ ಚರ್ಮ ಕೆಂಪಾಗಿ ತುರಿಸುತ್ತದೆ, ನನಗೂ ತುರಿಸಿತು. ಕೆಲಸ ಮುಗಿದ ಮೇಲೆ ಬಿಚ್ಚಿ, ಒಳ್ಳೆ ನೀರಲ್ಲಿ ತೊಳೆದು, ಕೈಯನ್ನೂ ಬ್ಯಾಂಡನ್ನೂ ಒರೆಸಿ ಕಟ್ಟಿಕೊಳ್ಳಿ. ಐದಕ್ಕೆ ಮೂರು ಸ್ಟಾರ್. ಪಕ್ಕದ ಆ ಬಟನ್ ಇಲ್ಲದಿದ್ದರೆ ಎರಡೇ ಕೊಡುತ್ತಿದ್ದೆ.