ಗಿಟಾರಿನ ಪಕ್ಕ ಕೂರುವ ಸ್ಯಾಕ್ಸೋಫೋನಿಗೆ: ಸೆಲ್ಮರ್ ಎಸ್80 ಸಿ ಸ್ಟಾರ್ ಆಲ್ಟೋ ಮೌತ್‌ಪೀಸ್

ಕರಾವಳಿಯ ಮದುವೆ ದಿಬ್ಬಣದಲ್ಲಿ ಡೋಲನ್ನೂ ಮೀರಿ ಕೇಳಿಸುವ ಆಲ್ಟೋ ಸ್ಯಾಕ್ಸೋಫೋನ್, ಬ್ರೆಜಿಲ್‌ನ ಸಂಗೀತ ರಚನಕಾರ ವಿಲಾ-ಲೋಬೋಸ್ ಅವರ ಆರು ವಾದ್ಯಗಳ ಕೃತಿ ‘ಸೆಕ್ಸ್‌ಟೆಟೋ ಮಿಸ್ಟಿಕೋ’ದಲ್ಲಿ ಗಿಟಾರ್, ಹಾರ್ಪ್, ಸೆಲೆಸ್ಟಾದಂಥ (ಗಂಟೆಯ ನಾದದ ಪುಟ್ಟ ಕೀಲಿಮಣೆ ವಾದ್ಯ) ಮೆಲುದನಿಯ ವಾದ್ಯಗಳನ್ನು ಮುಚ್ಚಿಹಾಕದಂತೆ ನುಡಿಯಬೇಕಾಗುತ್ತದೆ. ವಾದ್ಯ ಎರಡಕ್ಕೂ ಸೈ. ಮೌತ್‌ಪೀಸ್, ಅಂದರೆ ಬಾಯಿಗಿಟ್ಟು ಊದುವ ತುದಿ, ಮಾತ್ರ ಬೇರೆ ಬೇಕು. ಎರಡನೆಯ ಕೆಲಸಕ್ಕೆ ಪ್ಯಾರಿಸ್ಸಿನ ಸೆಲ್ಮರ್ ಕಂಪನಿಯ ಎಸ್80 ಸಿ ಸ್ಟಾರ್ ಇಂದಿಗೂ ಧೈರ್ಯವಾಗಿ ಕೊಳ್ಳಬಹುದಾದ ಮಾಲು.

ಎಬೋನೈಟ್ ಎಂಬ ಗಟ್ಟಿ ರಬ್ಬರಿನ ಮೈ, ಚೌಕಾಕಾರದ ಒಳಕೋಣೆ, ತುದಿಯಲ್ಲಿ ರೀಡಿಗೂ (ಊದಿದಾಗ ಕಂಪಿಸುವ ತೆಳು ಪಟ್ಟಿ) ಮೌತ್‌ಪೀಸಿನ ಅಂಚಿಗೂ 1.70 ಮಿ.ಮೀ. ಅಂತರ. ಅಂತರ ಕಡಿಮೆಯಿದ್ದಷ್ಟೂ ರೀಡ್ ಕಡಿಮೆ ಗಾಳಿಗೇ ಕಂಪಿಸುತ್ತದೆ. ಹಾಗಾಗಿ ಪಿಯಾನಿಸ್ಸಿಮೋದಲ್ಲೂ, ಅಂದರೆ ತೀರಾ ಮೆಲ್ಲಗೆ ನುಡಿಸುವಾಗಲೂ, ‘ಫುಸ್’ ಎಂಬ ಉಸಿರಿನ ಸದ್ದಿಲ್ಲದೆ ಸ್ವರ ಹುಟ್ಟುತ್ತದೆ. ರಷ್ಯಾದ ರಚನಕಾರ ಗ್ಲಾಜುನೋವ್ 1932ರಲ್ಲಿ ನಾಲ್ಕು ಸ್ಯಾಕ್ಸೋಫೋನುಗಳಿಗೆ ಬರೆದ ಕ್ವಾರ್ಟೆಟ್ಟಿನ ಎರಡನೆಯ ಭಾಗ, ಕ್ಯಾನ್ಜೋನಾ, ಇದನ್ನು ಪರೀಕ್ಷಿಸಲು ಒಳ್ಳೆಯ ಜಾಗ: ನಾಲ್ವರೂ ಮೆಲ್ಲಗೆ ಒಟ್ಟಿಗೆ ನುಡಿಸುವ ಕಡೆ ಒಬ್ಬರ ರೀಡ್ ತಡವಾದರೂ ಸ್ವರಮೇಳ ಒಡೆದು ಕೇಳುತ್ತದೆ.

ರೀಡ್ ಆಯ್ಕೆಯಲ್ಲೇ ಹೆಚ್ಚಿನವರು ಎಡವುವುದು. ದಿಬ್ಬಣದ ಅಗಲ ಬಾಯಿಯ ಮೌತ್‌ಪೀಸಿಗೆ ಹಾಕುತ್ತಿದ್ದ ಎರಡೂವರೆ ನಂಬರ್ ರೀಡನ್ನೇ (ನಂಬರ್ ಹೆಚ್ಚಿದಷ್ಟೂ ರೀಡ್ ಗಡುಸು) ಇದಕ್ಕೂ ಕಟ್ಟಿದರೆ ಮೇಲಿನ ಸ್ವರಗಳಲ್ಲಿ ರೀಡ್ ಮುಚ್ಚಿಕೊಂಡು ದನಿ ಕುಗ್ಗುತ್ತದೆ. ನಾಲ್ಕು ಹಾಕಿದರೆ ಬರೀ ಗಾಳಿ. ವ್ಯಾಂಡೋರೆನ್ ಕಂಪನಿಯ ನೀಲಿ ಡಬ್ಬಿಯ ಮೂರು ನಂಬರ್ ರೀಡಿನಿಂದ ಶುರುಮಾಡಿ, ತುಟಿ ಪಳಗಿದ ಮೇಲೆ ಮೂರೂವರೆಗೆ ಹೋಗುವುದು ಸರಿ. ರೀಡ್ ಕಟ್ಟುವಾಗ ಅದರ ತುದಿಯ ಮೇಲೆ ಮೌತ್‌ಪೀಸಿನ ಕಪ್ಪು ಅಂಚು ಕೂದಲೆಳೆಯಷ್ಟು ಕಾಣಬೇಕು. ಆಮೇಲೆ ಹಿಂದಿನ ತೂತನ್ನು ಅಂಗೈಯಿಂದ ಮುಚ್ಚಿ ಗಾಳಿ ಎಳೆಯಿರಿ. ರೀಡ್ ಒಂದೆರಡು ಸೆಕೆಂಡ್ ಅಂಟಿಕೊಂಡು ‘ಟಪ್’ ಎಂದು ಬಿಟ್ಟರೆ ಸರಿ. ಅಂಟದಿದ್ದರೆ ರೀಡಿನ ಅಡಿ ಸೊಟ್ಟಗಾಗಿದೆ, ಮಳೆಗಾಲದಲ್ಲಿ ಇದು ಮಾಮೂಲು. ಗಾಜಿನ ಮೇಲೆ ನಯವಾದ ಉಪ್ಪುಕಾಗದ ಹಾಸಿ ನಾಲ್ಕೈದು ಸಲ ಹಗುರಾಗಿ ಉಜ್ಜಿ.

ಶ್ರುತಿಯ ವಿಷಯಕ್ಕೆ ಬಂದರೆ, ಮೌತ್‌ಪೀಸನ್ನಷ್ಟೇ ಊದಿದಾಗ ಸುಮಾರು 880 ಹರ್ಟ್ಸ್, ಅಂದರೆ ಪಿಯಾನೋದ ಎ, ಬರಬೇಕು. ಅದಕ್ಕಿಂತ ಮೇಲೇರಿದರೆ ದವಡೆ ಕಚ್ಚುತ್ತಿದೆ ಎಂದರ್ಥ; ಆಗ ಮೇಲಿನ ಸ್ಥಾಯಿ ಏರಿ ದನಿ ತೆಳುವಾಗುತ್ತದೆ, ಪಿಟೀಲಿನವರು ಮುಖ ಸಿಂಡರಿಸುತ್ತಾರೆ. ಕಛೇರಿಯಲ್ಲಾದರೆ ತಂಬೂರಿಯನ್ನು ನಿಮ್ಮ ಶ್ರುತಿಗೆ ಕೂಡಿಸಿಕೊಳ್ಳಬಹುದು, ಪಿಯಾನೋ ಹಾಗೆ ಬಗ್ಗುವುದಿಲ್ಲ. ಮೌತ್‌ಪೀಸನ್ನು ವಾದ್ಯದ ಕೊರಳಿನ ಕಾರ್ಕಿನ ಮೇಲೆ ಹಿಂದೆಮುಂದೆ ಸರಿಸುವುದು ಕೊನೆಯ ಹೆಜ್ಜೆ.

ಕೆಳಗಿನ ಬಿ, ಬಿ ಫ್ಲಾಟ್ ಮೆಲ್ಲಗೆ ಬರುವುದಿಲ್ಲವೇ? ಮೌತ್‌ಪೀಸನ್ನು ಬೈಯುವ ಮೊದಲು ಡಿ ನುಡಿಸುತ್ತಲೇ ಜಿ ಶಾರ್ಪ್ ಕೀಲಿ ಒತ್ತಿ ನೋಡಿ. ಸ್ವರ ಕದಲಿದರೆ ಜಿ ಶಾರ್ಪ್ ಪ್ಯಾಡನ್ನು ಒತ್ತಿ ಹಿಡಿಯುವ ಸಣ್ಣ ತಿರುಪು ಸಡಿಲವಾಗಿದೆ, ಗಾಳಿ ಅಲ್ಲಿ ಸೋರುತ್ತಿದೆ.

ಇದೇ ಸರಣಿ ಸೊಪ್ರಾನೋ, ಟೆನರ್, ಬ್ಯಾರಿಟೋನ್ ಸ್ಯಾಕ್ಸೋಫೋನುಗಳಿಗೂ ಸಿಗುತ್ತದೆ. ಕ್ವಾರ್ಟೆಟ್ ಕಟ್ಟುವವರು ನಾಲ್ಕೂ ಒಂದೇ ಸರಣಿಯಲ್ಲಿ ತೆಗೆದುಕೊಂಡರೆ ಬಣ್ಣ ಬೇಗ ಕೂಡುತ್ತದೆ. ಆಸ್ಟ್ರಿಯಾದ ರಚನಕಾರ ವೆಬರ್ನ್ ಅವರ 22ನೇ ಕೃತಿಯಲ್ಲಿ ಪಿಟೀಲು, ಕ್ಲಾರಿನೆಟ್, ಪಿಯಾನೋಗಳೊಂದಿಗೆ ಟೆನರ್ ಒಂದೆರಡು ಸ್ವರಗಳನ್ನಷ್ಟೇ ಪಡೆದು ಮುಂದಿನವರಿಗೆ ದಾಟಿಸುತ್ತಿರಬೇಕು. ಕ್ಲಾರಿನೆಟ್ಟಿನಷ್ಟೇ ಮೆತ್ತಗೆ ಶುರುಮಾಡಲಾಗದ ಮೌತ್‌ಪೀಸಿಗೆ ಅಲ್ಲಿ ಕೆಲಸವಿಲ್ಲ.

ಕೊರತೆಯೂ ಇದೆ. ಬಯಲಿನಲ್ಲಿ ಇದರ ದನಿ ಸಾಲದು, ಜೋರಾಗಿ ಊದಿದರೂ ಒಂದು ಮಟ್ಟಕ್ಕೆ ನಿಂತುಬಿಡುತ್ತದೆ. ಕದ್ರಿ ಗೋಪಾಲನಾಥರ ದಾರಿಯಲ್ಲಿ ರಾಗ ನುಡಿಸುವವರಿಗೆ ತುಟಿಯಿಂದ ಸ್ವರ ಜಾರಿಸಲು ಇದು ಬಿಗಿ ಎನಿಸುತ್ತದೆ. ಅವರು ಅಗಲ ತುದಿಯದನ್ನೇ ನೋಡಲಿ.

ಕೊಳ್ಳುವಾಗ ಸಾಧ್ಯವಾದರೆ ಎರಡನ್ನು ಊದಿ ಆರಿಸಿ, ಒಂದೇ ಮಾದರಿಯವೂ ತುಸು ಬೇರೆಯಾಗಿ ನುಡಿಯುತ್ತವೆ. ತೊಳೆಯಲು ತಣ್ಣೀರೇ ಸಾಕು. ಬಿಸಿನೀರು ತಗುಲಿದರೆ ಎಬೋನೈಟ್ ಹಸಿರುಗಟ್ಟಿ ಗಂಧಕದ ವಾಸನೆ ಬಿಡುತ್ತದೆ.