‘60 ಪಟ್ಟು’ ಭೂತಗನ್ನಡಿ: ಅಷ್ಟು ದೊಡ್ಡದು ಮಾಡಲ್ಲ, ಆದ್ರೂ ಕೊಳ್ಳಬಹುದು

ಆನ್‌ಲೈನ್‌ನಲ್ಲಿ ಮುನ್ನೂರು ರೂಪಾಯಿ ಒಳಗೆ ಸಿಗುತ್ತಲ್ಲ, ಮಡಚುವ ಭೂತಗನ್ನಡಿ, ಅದು. ಎರಡು ಗಾಜು. ದೊಡ್ಡದರ ಮೇಲೆ 30 ಅಂತ, ಚಿಕ್ಕದರ ಮೇಲೆ 60 ಅಂತ ಕೊರೆದಿದ್ದಾರೆ. ಪಕ್ಕದಲ್ಲಿ ಪುಟ್ಟ ಎಲ್‌ಇಡಿ ದೀಪ. ಡಬ್ಬಿ ಮೇಲೆ ಅಕ್ಕಸಾಲಿಗರಿಗೆ ಅಂತ ಬರೆದಿದೆ. ಆದ್ರೆ ಹೊರದೇಶದವರ ಅಭಿಪ್ರಾಯ ಓದುತ್ತಾ ಹೋದ್ರೆ, ಎಷ್ಟೋ ಜನ ಇದನ್ನ ಕೊಂಡಿರೋದು ಮನೆಯಲ್ಲಿ ಬೆಳೆದ ಗಾಂಜಾ ಗಿಡ ಕೊಯ್ಲಿಗೆ ಬಂತೋ ಇಲ್ವೋ ಅಂತ ನೋಡೋಕೆ!

ನಾನು ತರಿಸಿದ್ದು ಸಿರುಗುಪ್ಪದ ಹತ್ತಿರದ ನಮ್ಮ ಮೆಣಸಿನಕಾಯಿ ಹೊಲಕ್ಕೆ. ಆದ್ರೂ ಆ ಗಾಂಜಾ ವಿಷಯ ತಲೆಯಲ್ಲಿ ಉಳಿದಿತ್ತು. ನಮ್ಮ ದೊಡ್ಡಪ್ಪನ ಮಗ ಕೆನಡಾದ ಒಂಟಾರಿಯೊದಲ್ಲಿದ್ದಾನೆ. ಅಲ್ಲಿ 2018ರ ಅಕ್ಟೋಬರ್‌ನಿಂದ ಮನೆಗೆ ನಾಲ್ಕು ಗಿಡ ಬೆಳೆಯೋಕೆ ಕಾನೂನೇ ಬಿಟ್ಟಿದೆ. ಅವನ ಹತ್ರನೂ ಇದೇ ಥರದ ಗಾಜು ಇದೆ, ವಿಡಿಯೋ ಕಾಲ್‌ನಲ್ಲಿ ತೋರಿಸಿದ. ಹೂವಿನ ಮೇಲೆ ಬರೀ ಕಣ್ಣಿಗೆ ಸುಮ್ನೆ ಹೊಳಪು ಕಾಣುತ್ತೆ. ಗಾಜು ಹಿಡಿದರೆ ಗುಂಡುಸೂಜಿ ನೆಟ್ಟ ಹಾಗೆ, ತುದಿಯಲ್ಲಿ ತಲೆ ಇರುವ ಅಂಟಿನ ಕೂದಲುಗಳು. ಮೊದಲು ಆ ತಲೆ ನೀರಿನ ಹಾಗೆ ತಿಳಿಯಾಗಿರುತ್ತೆ, ಅಂದ್ರೆ ಇನ್ನೂ ಎಳಸು. ಆಮೇಲೆ ಹಾಲಿನ ಬಣ್ಣಕ್ಕೆ ತಿರುಗುತ್ತೆ. ಕೊನೆಗೆ ಒಂದೊಂದೇ ಕಂದು ಹಳದಿ ಆಗುತ್ತೆ. ಹೆಚ್ಚಿನವು ಹಾಲುಬಣ್ಣ, ಅಲ್ಲಲ್ಲಿ ಕಂದು ಕಂಡಾಗ ಅಲ್ಲಿಯವರು ಕೊಯ್ಯೋದು. ಹೂವಿನಿಂದ ಹೊರಬಂದ ಬಿಳಿ ಎಳೆಗಳು ಕೆಂಪಾದ ತಕ್ಷಣ ಕತ್ತರಿ ಹಾಕ್ತಾರಂತೆ ಕೆಲವರು. ಅದು ಸಾಲದು ಅಂತಾನೆ ಅವನು, ಪರಾಗ ಬಿದ್ದರೂ ಆ ಎಳೆಗಳ ಬಣ್ಣ ಬದಲಾಗುತ್ತಂತೆ. ಹೂವಿನ ಸುತ್ತಲಿನ ಪುಟ್ಟ ಎಲೆ ನೋಡಿ ತೀರ್ಮಾನಿಸಿದರೂ ಮೋಸ, ಅಲ್ಲಿ ಕಂದು ಬೇಗ ಬರುತ್ತೆ, ಹೂವನ್ನೇ ನೋಡಬೇಕು.

ಇದನ್ನ ಓದಿ ಬದುವಿನಲ್ಲಿ ಒಂದು ಗಿಡ ನೆಟ್ಟು ನೋಡೋಣ ಅನ್ನೋರು ಇದ್ರೆ, ಬೇಡ. ನಮ್ಮಲ್ಲಿ 1985ರ ಮಾದಕ ವಸ್ತು ಕಾಯ್ದೆ (ಎನ್‌ಡಿಪಿಎಸ್) ಪ್ರಕಾರ ಗಾಂಜಾ ಗಿಡ ಬೆಳೆದರೆ 10 ವರ್ಷದ ತನಕ ಜೈಲು, 1 ಲಕ್ಷ ರೂಪಾಯಿ ತನಕ ದಂಡ. ಹತ್ತಿ, ತೊಗರಿ ನಡುವೆ ಬೆಳೆದು ಸಿಕ್ಕಿಬಿದ್ದವರ ಸುದ್ದಿ ಪೇಪರ್‌ನಲ್ಲಿ ಬರ್ತಾನೇ ಇರುತ್ತೆ.

ಈಗ ಗಾಜಿನ ವಿಷಯ. 60 ಪಟ್ಟು ಅನ್ನೋದು ಶುದ್ಧ ಸುಳ್ಳು. ನೀವೇ ಪರೀಕ್ಷೆ ಮಾಡಬಹುದು. ಎಲೆ ಸ್ಪಷ್ಟವಾಗಿ ಕಾಣೋವಾಗ ಗಾಜಿಗೂ ಎಲೆಗೂ ಎಷ್ಟು ಮಿಲಿಮೀಟರ್ ಅಂತ ಸ್ಕೇಲ್ ಹಿಡಿದು ನೋಡಿ, 250ನ್ನ ಅದರಿಂದ ಭಾಗಿಸಿ. ಹೆಚ್ಚುಕಮ್ಮಿ ಅಷ್ಟೇ ಪಟ್ಟು. ನನ್ನದರ ‘30’ ಗಾಜಿಗೆ ಸುಮಾರು ಒಂದು ಇಂಚು ಬೇಕು, ಅಂದ್ರೆ 10 ಪಟ್ಟು. ‘60’ಕ್ಕೆ ಅರ್ಧ ಇಂಚು, ಅಂದ್ರೆ 20. ನಿಜವಾಗಲೂ 60 ಆಗಿದ್ದರೆ ಗಾಜು ಎಲೆಗೆ ತಾಗೋ ಹಾಗೆ, ನಾಲ್ಕು ಮಿಲಿಮೀಟರ್‌ನಲ್ಲಿ ಹಿಡಿಯಬೇಕಾಗಿತ್ತು. ಅಂಚಿನಲ್ಲಿ ಚಿತ್ರ ಮಸುಕು, ಬಣ್ಣದ ಗೆರೆಗಳು ಕಾಣುತ್ತವೆ. ಚಿಕ್ಕ ಗಾಜಂತೂ ಕಣ್ಣಿಗೆ ಅಂಟಿಸಿಕೊಂಡೇ ನೋಡಬೇಕು, ಕೈ ಸ್ವಲ್ಪ ನಡುಗಿದರೂ ಮುಗೀತು. ದೀಪದ ಬೆಳಕು ನೀಲಿ ಬಿಳಿ, ಅದರಲ್ಲಿ ಎಲ್ಲವೂ ಬೆಳ್ಳಗೆ ಕಾಣುತ್ತೆ. ಬಣ್ಣ ನೋಡೋದಿದ್ರೆ ದೀಪ ಆರಿಸಿ, ಹಗಲು ಬೆಳಕಲ್ಲೇ ನೋಡಿ.

ಬ್ಯಾಡಗಿ ಮೆಣಸಿನಕಾಯಿ ಬಿಡಿಸೋಕೆ ಇದು ಬೇಕಾ? ಖಂಡಿತ ಬೇಡ. ಪೂರ್ತಿ ಕೆಂಪಾಗಿ, ಗಿಡದಲ್ಲೇ ಸ್ವಲ್ಪ ಬಾಡಿ ಸುಕ್ಕು ಬಿದ್ದಿದ್ದನ್ನ ನಮ್ಮ ಹೆಣ್ಣಾಳುಗಳು ಮಾತಾಡ್ತಾ ಮಾತಾಡ್ತಾನೇ ಆರಿಸಿ ಬಿಡಿಸ್ತಾರೆ. ಕಣದಲ್ಲಿ ಒಣಗಿತಾ ಅಂತ ತಿಳಿಯೋಕೆ ಕಾಯಿ ಕಿವಿ ಹತ್ರ ಅಲ್ಲಾಡಿಸಿದರೆ ಸಾಕು, ಬೀಜದ ಸದ್ದು ಹೇಳುತ್ತೆ.

ಇದು ಕೆಲಸಕ್ಕೆ ಬರೋದು ನುಸಿ (ಥ್ರಿಪ್ಸ್) ಹುಳ ನೋಡೋಕೆ. 2021ರಲ್ಲಿ ಕಪ್ಪು ನುಸಿ ಬಂದು ನಮ್ಮ ಕಡೆ, ರಾಯಚೂರು ಕಡೆ ಹೊಲಗಳೆಲ್ಲ ಹೋಗಿದ್ದು ಯಾರೂ ಮರೆತಿಲ್ಲ. ಒಂದು ಮಿಲಿಮೀಟರ್ ಉದ್ದದ ಹುಳ, ಹೂವಿನೊಳಗೆ ಅಡಗಿರುತ್ತೆ. ಹೂವನ್ನ ಬಿಳಿ ಹಾಳೆ ಮೇಲೆ ಕೊಡವಿ ‘30’ರಲ್ಲಿ ನೋಡಿದರೆ ಓಡಾಡೋದು ಕಾಣುತ್ತೆ, ಕಪ್ಪೋ ಹಳದಿಯೋ ಅನ್ನೋದೂ ಗೊತ್ತಾಗುತ್ತೆ. ಇಷ್ಟು ನೋಡದೇ ಅಂಗಡಿಯವರು ಕೊಟ್ಟ ಔಷಧಿ ಹೊಡೆದು ಸಾವಿರಗಟ್ಟಲೆ ಕಳೆದುಕೊಳ್ಳೋದಕ್ಕಿಂತ ಮುನ್ನೂರು ರೂಪಾಯಿ ಏನೂ ಜಾಸ್ತಿ ಅಲ್ಲ. ಮನೆ ತುಳಸಿ ಎಲೆಯ ಹಿಂಬದಿಯನ್ನೂ ನೋಡಿದೆ. ಅಲ್ಲೂ ಎಣ್ಣೆಯ ಪುಟ್ಟ ಚುಕ್ಕಿಗಳು ಮಿಂಚುತ್ತವೆ, ಮಕ್ಕಳಿಗೆ ತೋರಿಸೋಕೆ ಚೆನ್ನಾಗಿದೆ.

ತಿರುಗಣಿ ಬೇಗ ಸಡಿಲ ಆಯ್ತು, ಹೊಲದ ಧೂಳು ಒಳಗೆ ಕೂರುತ್ತೆ. ಬಟನ್ ಸೆಲ್ ವಾಚ್ ಅಂಗಡಿಯಲ್ಲಿ ಸಿಗುತ್ತೆ, ತೊಂದರೆ ಇಲ್ಲ. 5ಕ್ಕೆ 3 ಕೊಡ್ತೀನಿ. 10 ಪಟ್ಟು ಅಂತ ನಿಜ ಬರೆದು ಇದೇ ಬೆಲೆಗೆ ಕೊಟ್ಟಿದ್ರೆ 4 ಕೊಡ್ತಿದ್ದೆ.