11,300 ಪೌಂಡ್ ಎಳೆಯುತ್ತೆ ಅಂದ್ರಾ? ಮೊದಲು ಬಾಗಿಲು ತೆಗೆದು ಸ್ಟಿಕ್ಕರ್ ಓದಿ

ಟ್ರಾವೆಲ್ ಟ್ರೇಲರ್ ಎಳೆಯೋಕೆ ಅಂತ ಸೆಕೆಂಡ್ ಹ್ಯಾಂಡ್ ಟರ್ಬೊ ಪಿಕಪ್ ಹುಡುಕುತ್ತಿರುವ ಅಮೆರಿಕದ ಕನ್ನಡಿಗರೇ, ಇದನ್ನು ಓದಿ ಆಮೇಲೆ ಡೀಲರ್ ಹತ್ತಿರ ಹೋಗಿ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ. ಹಿಂದೆ ಮುಂದೆ ಆದರೆ ಸಹಿಸಿಕೊಳ್ಳಿ. ನಾಚಿಕೆಯೂ ಆಗುತ್ತಿದೆ, ಆದರೆ ಸುಮ್ಮನಿದ್ದರೆ ನನಗೆ ಟ್ರಕ್ ಮಾರಿದ ಡೀಲರ್ ಇನ್ನೊಬ್ಬರಿಗೂ ಹೀಗೇ ಟೋಪಿ ಹಾಕುತ್ತಾನೆ.

ಡೆನ್ವರ್ ಕಡೆಯ ಒಬ್ಬ ಡೀಲರ್. ಹೆಸರು ಬೇಡ. ಟ್ರಕ್ ಯಾವ ಕಂಪನಿಯದ್ದು ಅಂತಲೂ ಹೇಳಲ್ಲ, ಯಾಕೆಂದರೆ ಜಗಳ ಎಂಜಿನ್ ಜೊತೆ ಅಲ್ಲ. ಕ್ರೂ ಕ್ಯಾಬ್, ಫೋರ್ ವೀಲ್ ಡ್ರೈವ್, ಲೆದರ್ ಸೀಟು, ದೊಡ್ಡ ಸನ್‌ರೂಫ್, ಟ್ವಿನ್ ಟರ್ಬೊ ವಿ6, ಅಂದರೆ ಗಾಳಿ ಒತ್ತಿ ತುಂಬುವ ಎರಡು ಟರ್ಬೊ ಇರುವ ಆರು ಸಿಲಿಂಡರಿನ ಎಂಜಿನ್. ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಎರಡೇ ಮಾತು: 11,300 ಪೌಂಡ್ ಎಳೆಯುತ್ತೆ, ಹೈವೇಯಲ್ಲಿ ಗ್ಯಾಲನ್‌ಗೆ 22 ಮೈಲಿ ಕೊಡುತ್ತೆ.

ನಮ್ಮ ಟ್ರೇಲರ್ ಸಾಮಾನು ತುಂಬಿದ ಮೇಲೆ 7,000 ಪೌಂಡ್ ಆಸುಪಾಸು ಬರುತ್ತೆ ಅಂತ ಅವನಿಗೆ ಮೊದಲೇ ಹೇಳಿದ್ದೆ. ಹೆಂಡತಿ, ಇಬ್ಬರು ಮಕ್ಕಳು ಜೊತೆಗಿರುತ್ತಾರೆ ಅಂತಲೂ ಹೇಳಿದ್ದೆ. ಅವನು ನಕ್ಕ. "ಏಳು ಸಾವಿರನಾ? ಹಿಂದೆ ಟ್ರೇಲರ್ ಇದೆ ಅನ್ನೋದೇ ಮರೆತುಹೋಗುತ್ತೆ ಗೆಳೆಯಾ" ಅಂದ. "ಇದು ಟರ್ಬೊ. ಬೇಕಾದಾಗ ವಿ8, ಬೇಡದಾಗ ವಿ6. ಎಳೆಯುವಾಗಲೂ ಹದಿನೈದು ಹದಿನಾರು ಮೈಲೇಜ್ ಗ್ಯಾರಂಟಿ." ಗ್ಯಾರಂಟಿ ಅನ್ನೋ ಪದ ಅವನ ಬಾಯಿಂದಲೇ ಬಂದದ್ದು. ಪುಣ್ಯಾತ್ಮ, ಆ ಪದ ಕಾಗದದ ಮೇಲೆ ಮಾತ್ರ ಎಲ್ಲೂ ಬರಲಿಲ್ಲ.

ಇಂಥ ಸುಳ್ಳು ನಾಟುವುದು ಅದರಲ್ಲಿ ಅರ್ಧ ನಿಜ ಇರುವುದರಿಂದ. ಫೋರ್ಡ್ 2011ರ ಎಫ್-150ಗೆ 3.5 ಲೀಟರ್ ಇಕೋಬೂಸ್ಟ್ ಅನ್ನೋ ಟರ್ಬೊ ವಿ6 ಕೊಟ್ಟಾಗ ಅದರ ಶಕ್ತಿ 365 ಹಾರ್ಸ್‌ಪವರ್, ಟಾರ್ಕ್ (ಚಕ್ರ ತಿರುಗಿಸುವ ಬಲ) 420 ಪೌಂಡ್-ಅಡಿ. ಅದೇ ವರ್ಷದ 5.0 ಲೀಟರ್ ವಿ8ಗೆ 360 ಮತ್ತು 380. ಅದಕ್ಕಿಂತ ಮುಖ್ಯ, ಟರ್ಬೊದ ಪೂರ್ತಿ ಟಾರ್ಕ್ 2,500 ಆರ್‌ಪಿಎಮ್‌ನಲ್ಲೇ ಸಿಗುತ್ತಿತ್ತು, ವಿ8ಗೆ 4,250 ಬೇಕಿತ್ತು. ಷೆವರ್ಲೆ ಈಗ ನಾಲ್ಕೇ ಸಿಲಿಂಡರಿನ 2.7 ಲೀಟರ್ ಟರ್ಬೊದಲ್ಲಿ 430 ಪೌಂಡ್-ಅಡಿ ತೆಗೆಯುತ್ತಿದೆ. 2022ರಿಂದ ಟೊಯೋಟಾ ಟಂಡ್ರಾದಲ್ಲಿ ವಿ8 ಇಲ್ಲವೇ ಇಲ್ಲ. ಬೆಟ್ಟದ ಮೇಲೆ ಗಾಳಿ ತೆಳುವಾದಾಗ ಸಾದಾ ಎಂಜಿನ್ ಏದುಸಿರು ಬಿಡುತ್ತೆ, ಟರ್ಬೊ ಗಾಳಿಯನ್ನು ಒತ್ತಿ ತುಂಬುವುದರಿಂದ ಅಷ್ಟು ಸೋಲಲ್ಲ. ಐ-70ರಲ್ಲಿ 11,000 ಅಡಿ ಮೀರಿದ ಐಸನ್‌ಹೋವರ್ ಸುರಂಗದ ಏರನ್ನು ನನ್ನ ಟ್ರಕ್ ಉಸ್ಸಪ್ಪಾ ಅನ್ನದೆ ಹತ್ತಿತು. ಎಂಜಿನ್‌ಗೆ ನೂರಕ್ಕೆ ನೂರು ಕೊಡುತ್ತೇನೆ. ಮಾರಿದವನಿಗೆ ಸೊನ್ನೆ.

ಏಕೆಂದರೆ ಎಳೆಯುವುದು ಬೇರೆ, ಹೊರುವುದು ಬೇರೆ. ಅವನು ಹೊರುವ ಮಾತನ್ನೇ ಎತ್ತಲಿಲ್ಲ. ಒಮ್ಮೆಯೂ ಇಲ್ಲ.

ಮೊದಲ ಪ್ರಯಾಣದಲ್ಲೇ ಹಿಂಭಾಗ ಕುಸಿದು ಮೂಗು ಮೇಲೆದ್ದಿತ್ತು. ಲಾರಿ ಪಕ್ಕದಲ್ಲಿ ಹೋದರೆ ಸ್ಟೀರಿಂಗ್ ಹಗುರವಾಗಿ ಟ್ರೇಲರ್ ಓಲಾಡುತ್ತಿತ್ತು. ಹಿಂದೆ ಮಕ್ಕಳು ಕೂತಿದ್ದಾರೆ, ನನ್ನ ಅಂಗೈ ಒದ್ದೆ. ಟ್ರಕ್ ಸ್ಟಾಪ್ ಒಂದರಲ್ಲಿ ಲಾರಿ ತೂಗುವ ತಕ್ಕಡಿ ಇತ್ತು. ಟ್ರೇಲರ್ ಜೊತೆಗೆ ಒಮ್ಮೆ, ಬಿಚ್ಚಿಟ್ಟು ಒಮ್ಮೆ ತೂಗಿಸಿದೆ. ಚೀಟಿ ಹಿಡಿದುಕೊಂಡು ನಿಂತಿದ್ದಾಗ ಹೆಂಡತಿ ಡ್ರೈವರ್ ಬಾಗಿಲು ತೆಗೆದು, ಬಾಗಿಲ ಚೌಕಟ್ಟಿನ ಕಂಬಕ್ಕೆ ಅಂಟಿಸಿದ ಹಳದಿ ಬಿಳಿ ಸ್ಟಿಕ್ಕರ್ ತೋರಿಸಿದಳು. "ರೀ, ಇಲ್ಲಿ ಜನ, ಸಾಮಾನು ಎಲ್ಲ ಸೇರಿ 1,420 ಪೌಂಡ್ ಮೀರಬಾರದು ಅಂತಿದೆ. ಅವನು ಹನ್ನೊಂದು ಸಾವಿರ ಅಂದಿದ್ನಲ್ಲ?"

ಅಲ್ಲೇ ಗೊತ್ತಾಯಿತು, ಕಿವಿ ಮೇಲೆ ಹೂವಿಟ್ಟಿದ್ದಾನೆ ಅಂತ.

ಲೆಕ್ಕ ಕೇಳಿ. ಟ್ರೇಲರ್ 7,200 ಪೌಂಡ್. ಅದರ ಮೂತಿ ಹಿಚ್ ಮೇಲೆ, ಅಂದರೆ ಟ್ರಕ್ಕಿನ ಹಿಂದಿನ ಕೊಂಡಿ ಮೇಲೆ, ಒತ್ತುವ ಭಾರ, ಟಂಗ್ ವೇಟ್, ಸಾಮಾನ್ಯವಾಗಿ ಟ್ರೇಲರ್ ತೂಕದ ಶೇ. 10ರಿಂದ 15. ಕಡಿಮೆ ಮಾಡೋಣ ಅಂದರೆ ಟ್ರೇಲರ್ ಓಲಾಡೋಕೆ ಶುರು. ನಮ್ಮದು ಸುಮಾರು 940 ಬಂತು. ಅದು ಟ್ರಕ್ ಹೊರಬೇಕಾದ ಭಾರ, ಪೇಲೋಡ್‌ನಲ್ಲೇ, ಅಂದರೆ ಸ್ಟಿಕ್ಕರಿನ ಆ 1,420ರಲ್ಲೇ, ಕಳೆಯಬೇಕು. ಭಾರ ಹಂಚುವ ಹಿಚ್ ಇನ್ನೊಂದು 100. ಉಳಿದದ್ದು 380. ನಾವು ನಾಲ್ವರೇ 445! ಮೇಲೆ ಹಿಂದಿನ ಡಬ್ಬಿಯಲ್ಲಿ ಜನರೇಟರ್, ಕೂಲರ್, ಹಾಳುಮೂಳು ಅಂತ 200. ಅಂದರೆ 7,200ಕ್ಕೇ ಮಿತಿ ದಾಟಿ ಹೋಗಿದ್ದೇವೆ. 11,300ಕ್ಕೆ ಅವನ ಲೆಕ್ಕದಲ್ಲಿ ಟ್ರಕ್ಕಲ್ಲಿ ಡ್ರೈವರ್ ಒಬ್ಬನೇ ಇರಬೇಕು, ಅವನೂ ಉಪವಾಸ ಇರಬೇಕು.

ಹಾಗಾದರೆ 11,300 ಎಲ್ಲಿಂದ ಬಂತು? ಕಂಪನಿಯ ಟೋಯಿಂಗ್ ಗೈಡ್ ತೆಗೆದು ನೋಡಿದೆ. ಆ ಸಂಖ್ಯೆ ಅದೇ ಎಂಜಿನ್‌ನದ್ದೇ, ಆದರೆ ಟೂ ವೀಲ್ ಡ್ರೈವ್, 3.55 ಆಕ್ಸಲ್ ಅನುಪಾತ (ಸಂಖ್ಯೆ ಹೆಚ್ಚಿದಷ್ಟೂ ಎಳೆತ ಹೆಚ್ಚು), ಮ್ಯಾಕ್ಸ್ ಟೋ ಪ್ಯಾಕೇಜ್ ಇರುವ ಟ್ರಕ್‌ಗೆ. ನನ್ನದರಲ್ಲಿ 3.15 ಆಕ್ಸಲ್. ಅದಕ್ಕೆ ಬರೆದ ಸಂಖ್ಯೆ ಸಾವಿರಾರು ಪೌಂಡ್ ಕಡಿಮೆ. "ಟೋ ಪ್ಯಾಕೇಜ್ ಇದೆ" ಅಂದಿದ್ದನಲ್ಲ, ಇದ್ದದ್ದು ಹಿಚ್ ಮತ್ತು ಏಳು ಪಿನ್ನಿನ ಪ್ಲಗ್, ಅಷ್ಟೇ. ಟ್ರೇಲರ್ ಬ್ರೇಕ್ ಕಂಟ್ರೋಲರ್ ಕೂಡ ಇಲ್ಲ. ಲೆದರ್ ಸೀಟು, ಸನ್‌ರೂಫ್ ಎಲ್ಲದರ ತೂಕವೂ ಪೇಲೋಡ್ ತಿಂದು ಹಾಕುತ್ತೆ. ಟ್ರಕ್ ಎಷ್ಟು ಐಷಾರಾಮಿಯೋ ಹೊರುವುದು ಅಷ್ಟು ಕಡಿಮೆ.

ಕಂಪನಿಗಳು ಟೋ ರೇಟಿಂಗ್ ಅಳೆಯುವ ಎಸ್ಎಇ ಜೆ2807 ಅನ್ನೋ ಪದ್ಧತಿ ಕಠಿಣವಾದದ್ದೇ. ಅರಿಝೋನಾದ ಡೇವಿಸ್ ಡ್ಯಾಮ್ ಏರನ್ನು ಬಿಸಿಲಲ್ಲಿ, ಎಸಿ ಹಾಕಿಕೊಂಡು ಹತ್ತಬೇಕು. ಆದರೆ ಆ ಲೆಕ್ಕದಲ್ಲಿ ಟ್ರಕ್ ಒಳಗೆ ಇರುವುದು ತಲಾ 150 ಪೌಂಡಿನ ಇಬ್ಬರು. ಮಕ್ಕಳಿಲ್ಲ, ಜನರೇಟರ್ ಇಲ್ಲ, ಕೂಲರ್ ಇಲ್ಲ.

ಈಗ ಮೈಲೇಜ್. ಖಾಲಿ ಓಡಿಸಿದರೆ 20, 21 ಬರುತ್ತೆ, ಸುಳ್ಳು ಹೇಳಲ್ಲ. ಟ್ರೇಲರ್ ಸಿಕ್ಕಿಸಿದರೆ 9. ಎದುರು ಗಾಳಿ ಇದ್ದರೆ 8. ಹದಿನಾರು ಎಲ್ಲಿ, ಎಂಟು ಎಲ್ಲಿ? ಇದರಲ್ಲಿ ಮಾಯ ಏನೂ ಇಲ್ಲ. ಶಕ್ತಿ ಬೇಕಂದರೆ ಪೆಟ್ರೋಲ್ ಸುಡಬೇಕು. ಟರ್ಬೊ ಜಾಸ್ತಿ ಗಾಳಿ ತುಂಬಿದಷ್ಟೂ ಜಾಸ್ತಿ ಪೆಟ್ರೋಲ್ ಹೋಗುತ್ತೆ. ಒತ್ತಡ ತುಂಬಾ ಆದಾಗ ಟರ್ಬೈನ್ ಸುಡದಿರಲಿ ಅಂತ ಕಂಪ್ಯೂಟರ್ ಬೇಕಾದ್ದಕ್ಕಿಂತ ಇನ್ನಷ್ಟು ಪೆಟ್ರೋಲ್ ಸುರಿಯಲೂಬಹುದು, ಬರೀ ತಣ್ಣಗಾಗಲಿ ಅಂತ. ವಿ8ನ ಕೆಲಸ ಮಾಡಿಸಿದರೆ ವಿ8ನ ಹಾಗೇ ಕುಡಿಯುತ್ತೆ. ಸರ್ಕಾರದ ಪರಿಸರ ಸಂಸ್ಥೆ ಇಪಿಎಯ ಮೈಲೇಜ್ ಲೇಬಲ್‌ನ ಅಂಕಿ ಟ್ರೇಲರ್ ಇಲ್ಲದ ಪರೀಕ್ಷೆಯದ್ದು, ಅದರ ಮೂಲ ಹೈವೇ ಪರೀಕ್ಷೆಯ ಸರಾಸರಿ ವೇಗ ಗಂಟೆಗೆ ಸುಮಾರು 48 ಮೈಲಿ. ಗೋಡೆಯಂಥ ಟ್ರೇಲರ್ ಕಟ್ಟಿಕೊಂಡು 70ರಲ್ಲಿ ಹೋಗುವವರಿಗೂ ಆ ಅಂಕಿಗೂ ಸಂಬಂಧವೇ ಇಲ್ಲ. ನನ್ನದು 23 ಗ್ಯಾಲನ್ ಟ್ಯಾಂಕ್. ನೂರೈವತ್ತು ಮೈಲಿ ದಾಟುವಷ್ಟರಲ್ಲಿ ಪಂಪ್ ಹುಡುಕಬೇಕು, ಅದೂ ಟ್ರೇಲರ್ ತಿರುಗಿಸೋಕೆ ಜಾಗ ಇರುವ ಪಂಪ್.

ಇನ್ನೊಂದು. "ರೆಗ್ಯುಲರ್ ಹಾಕಿ ಸಾಕು" ಅಂದಿದ್ದ. ಕೊಲರಾಡೊದಲ್ಲಿ ರೆಗ್ಯುಲರ್ ಪೆಟ್ರೋಲ್ ಅಂದರೆ 85 ಆಕ್ಟೇನ್ (ಒತ್ತಡ ತಾಳುವ ಶಕ್ತಿಯ ಅಳತೆ)! ತೆಳು ಗಾಳಿಯಲ್ಲಿ ಸಾದಾ ಎಂಜಿನ್‌ಗಳಿಗೆ ನಡೆಯುತ್ತೆ ಅಂತ ಬಂದ ಹಳೆ ರೂಢಿ ಅದು. ಟರ್ಬೊ ಆ ಗಾಳಿಯನ್ನು ಮತ್ತೆ ಒತ್ತುತ್ತಲ್ಲ, ಅದಕ್ಕೆ ಆ ವಿನಾಯಿತಿ ಇಲ್ಲ. ನನ್ನ ಟ್ರಕ್ಕಿನ ಪುಸ್ತಕದಲ್ಲಿ ಕನಿಷ್ಠ 87, ಭಾರ ಎಳೆಯುವಾಗ ಪ್ರೀಮಿಯಂ ಒಳ್ಳೇದು ಅಂತಿದೆ. ಆ ಖರ್ಚೂ ಸೇರಿಸಿಕೊಳ್ಳಿ.

ಫೋನ್ ಮಾಡಿದೆ. ಅವನ ಉತ್ತರಗಳು ಹೀಗಿದ್ದವು.

"ಆ ಸ್ಟಿಕ್ಕರ್ ವಕೀಲರಿಗೋಸ್ಕರ ಹಾಕೋದು, ಎಲ್ಲರೂ ಹೀಗೇ ಎಳೆಯುತ್ತಾರೆ."

ಮಕ್ಕಳನ್ನು ಕೂರಿಸಿಕೊಂಡು ಹೋಗುತ್ತೇನೆ ಅಂದೆ. "ಹಿಂದೆ ಏರ್‌ಬ್ಯಾಗ್ ಸಸ್ಪೆನ್ಷನ್ ಹಾಕಿಸಿ, ಸರಿಹೋಗುತ್ತೆ." ಸರಿಹೋಗಲ್ಲ ಸ್ವಾಮಿ! ಕುಸಿದದ್ದು ಮೇಲೆ ಏಳುತ್ತೆ ಅಷ್ಟೇ, ಸ್ಟಿಕ್ಕರ್ ಮೇಲಿನ ಅಂಕಿ ಬದಲಾಗಲ್ಲ.

ಮೈಲೇಜ್ ಕೇಳಿದರೆ, "ನೀವು ಓಡಿಸೋ ರೀತಿ ಇರಬೇಕು." ಗೆಳೆಯಾ ಹೋಗಿ ಸರ್ ಆಗಿತ್ತು ಅಷ್ಟರಲ್ಲಿ.

ವಾಪಸ್ ತಗೊಳ್ಳಿ ಅಂದೆ. ಆಗ ಮ್ಯಾನೇಜರ್ ಬಂದ. ಮೂರು ದಿನದೊಳಗೆ ವಾಪಸ್ ಕೊಡಬಹುದು ಅಂತ ನಮ್ಮಲ್ಲಿ ಬಹಳ ಜನ ನಂಬಿದ್ದಾರೆ, ಅಲ್ವಾ? ಎಫ್‌ಟಿಸಿಯ (ಗ್ರಾಹಕರಿಗೆ ಮೋಸ ಆಗದಂತೆ ನೋಡುವ ಕೇಂದ್ರ ಸಂಸ್ಥೆ) ಆ ಕೂಲಿಂಗ್ ಆಫ್ ನಿಯಮ ಡೀಲರ್ ಅಂಗಡಿಯಲ್ಲಿ ಕೊಂಡ ಗಾಡಿಗೆ ಅನ್ವಯಿಸಲ್ಲ. ಕಿಟಕಿಗೆ ಅಂಟಿಸಿದ್ದ ಬಯರ್ಸ್ ಗೈಡ್‌ನಲ್ಲಿ "ಆ್ಯಸ್ ಈಸ್" (ಇದ್ದ ಹಾಗೇ, ಡೀಲರ್ ವಾರಂಟಿ ಇಲ್ಲ) ಅನ್ನೋ ಚೌಕಕ್ಕೆ ಗುರುತು ಹಾಕಿತ್ತು. ಬಾಯಿಮಾತಿನ ಭರವಸೆ ನಂಬಿ ಕೂರಬೇಡಿ ಅಂತ ಆ ಹಾಳೆಯಲ್ಲೇ ಅಚ್ಚಾಗಿರುತ್ತೆ. ಮ್ಯಾನೇಜರ್ ಅದನ್ನೇ ಬೆರಳಿಟ್ಟು ಓದಿದ. ಎಷ್ಟು ನಿಧಾನವಾಗಿ ಓದಿದ ಅಂದರೆ, ನನಗೆ ಇಂಗ್ಲಿಷ್ ಬರಲ್ಲ ಅಂದುಕೊಂಡವನ ಹಾಗೆ. ದುಡ್ಡಿಗಿಂತ ಜಾಸ್ತಿ ಉರಿದದ್ದು ಅದು.

ಆದ್ದರಿಂದ, ಹೋಗುವ ಮುಂಚೆಯೇ ಬಾಗಿಲ ಸ್ಟಿಕ್ಕರ್ ಫೋಟೋ ತರಿಸಿಕೊಳ್ಳಿ. ಕಳಿಸದಿದ್ದರೆ ಆ ಕಡೆ ತಲೆಯೂ ಹಾಕಬೇಡಿ. ವಿಐಎನ್ (ಗಾಡಿಯ ಗುರುತಿನ ಸಂಖ್ಯೆ) ಹಾಕಿ ಆಕ್ಸಲ್ ಅನುಪಾತ, ಟೋ ಪ್ಯಾಕೇಜ್ ನೋಡಿ. ಹಿಚ್ ಮೇಲೂ ಒಂದು ಸ್ಟಿಕ್ಕರ್ ಇರುತ್ತೆ, ಭಾರ ಹಂಚುವ ಹಿಚ್ ಇಲ್ಲದೆ ಎಷ್ಟು, ಇದ್ದರೆ ಎಷ್ಟು ಅಂತ. ಗ್ಯಾರಂಟಿ ಅಂದರೆ ಬರೆದುಕೊಡಿ ಅನ್ನಿ, ಮುಖ ಹೇಗಾಗುತ್ತೆ ನೋಡಿ.

ನಿನ್ನೆ ಅವನಿಂದ ಮೆಸೇಜ್ ಬಂದಿದೆ. ನನ್ನ ಟ್ರಕ್‌ಗೆ ಒಳ್ಳೆ ಎಕ್ಸ್‌ಚೇಂಜ್ ಬೆಲೆ ಕೊಡುತ್ತಾನಂತೆ, ಕೊಂಡದ್ದಕ್ಕಿಂತ 6,000 ಡಾಲರ್ ಕಡಿಮೆ. ಬದಲಿಗೆ ಒಂದು ಹೆವಿ ಡ್ಯೂಟಿ ಟ್ರಕ್ ಇದೆಯಂತೆ. "ಹಿಂದೆ ಟ್ರೇಲರ್ ಇದೆ ಅನ್ನೋದೇ ಗೊತ್ತಾಗಲ್ಲ ಸರ್."